ದ್ಯುತಿ ಅಂತರ್ಜಾಲದಲ್ಲಿ ಸೇವಾ ಗುಣಮಟ್ಟದ ಖಾತರಿ

ದ್ಯುತಿ ಅಂತರ್ಜಾಲದಲ್ಲಿ ಸೇವಾ ಗುಣಮಟ್ಟದ ಖಾತರಿ ಎಂದರೆ ಆಪ್ಟಿಕಲ್ ಫೈಬರ್ ಎಂಬ ಗಾಜಿನ ತಂತುಗಳಲ್ಲಿ ಸಾಗುವ ದತ್ತಾಂಶವು ಗೊತ್ತುಪಡಿಸಿದ ವೇಗ, ವಿಳಂಬ ಮತ್ತು ನಷ್ಟದ ಮಿತಿಯೊಳಗೆ ತಲುಪುವಂತೆ ಮಾಡುವ ಏರ್ಪಾಡು. ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯದ ಉದ್ಯಮಗಳ ದಿನನಿತ್ಯದ ಕೆಲಸವು ಈ ಖಾತರಿಯನ್ನು ಅವಲಂಬಿಸಿದೆ.

ವಿಳಂಬ ಮತ್ತು ಸರತಿ

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅದರ ಹೊರದೇಶದ ಸಂಪರ್ಕವು ಉಪಗ್ರಹದ ಮೂಲಕವಿತ್ತು. ಸುಮಾರು 36,000 ಕಿ.ಮೀ. ಎತ್ತರಕ್ಕೆ ಏರಿ ಇಳಿಯಲು ಸಂಕೇತಕ್ಕೆ ಕಾಲು ಸೆಕೆಂಡು ಬೇಕು. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುವುದರಿಂದ, ಸಮುದ್ರತಳದ ಕೇಬಲ್‌ಗಳು ದಡ ಸೇರುವ ಚೆನ್ನೈಯನ್ನು ಅದು ಇಲ್ಲಿಂದ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಟ್ಟುತ್ತದೆ.

ಹೀಗಿದ್ದರೂ ತಡವಾಗುವುದುಂಟು. ತಡವಾಗುವುದು ಗಾಜಿನಲ್ಲಲ್ಲ, ದಾರಿಗಳು ಕೂಡುವ ರೂಟರ್‌ನಲ್ಲಿ. ಅಲ್ಲಿ ಬೆಳಕು ವಿದ್ಯುತ್ ಸಂಕೇತವಾಗಿ ಮಾರ್ಪಟ್ಟು, ದತ್ತಾಂಶದ ಪ್ಯಾಕೆಟ್‌ಗಳು ಸರತಿಯಲ್ಲಿ ನಿಲ್ಲುತ್ತವೆ. ಧ್ವನಿ ಕರೆಗೆ ಮೊದಲ ದಾರಿ, ಕಡತಗಳಿಗೆ ಆಮೇಲೆ ಎಂಬ ಆದ್ಯತೆಯ ಕ್ರಮಕ್ಕೆ 1998ರಲ್ಲಿ ಡಿಫ್‌ಸರ್ವ್ ಎಂಬ ವಿನ್ಯಾಸ ಪ್ರಕಟವಾಯಿತು. ಬೆಳಕನ್ನು ಬೆಳಕಾಗಿಯೇ ಕೂಡಿಡುವುದು ಸುಲಭವಲ್ಲ. ಉದ್ದನೆಯ ತಂತುವಿನಲ್ಲಿ ಸುತ್ತಿಸಿ ಸ್ವಲ್ಪ ತಡೆಯಬಹುದಷ್ಟೆ. ಆದ್ದರಿಂದ ಸಂಶೋಧಕರು ಮುಂಗಡ ಸೂಚನೆಯ ವಿಧಾನವೊಂದನ್ನು ರೂಪಿಸಿದರು. ಸೂಚನೆ ಮುಂದೆ ಹೋಗಿ ದಾರಿ ಕಾದಿರಿಸುತ್ತದೆ, ದತ್ತಾಂಶ ಹಿಂದಿನಿಂದ ಬರುತ್ತದೆ. ಮುಖ್ಯವಾದ ದತ್ತಾಂಶಕ್ಕೆ ಹೆಚ್ಚು ಮುಂಚಿತವಾಗಿ ಸೂಚನೆ ಹೊರಡುತ್ತದೆ, ಮದುವೆಗೆ ಛತ್ರವನ್ನು ಮೊದಲೇ ಗೊತ್ತುಮಾಡಿದವರಿಗೆ ಮುಹೂರ್ತದ ದಿನ ಸಿಗುವಂತೆ.

ತುಂಡಾಗುವ ದಾರಿ

ಖಾತರಿಗೆ ದೊಡ್ಡ ಶತ್ರು ನೆಲ ಅಗೆಯುವ ಯಂತ್ರ. ಇದಕ್ಕೆ ಪರಿಹಾರವೆಂದರೆ ಉಂಗುರದಾಕಾರದ ಜಾಲ: ಒಂದು ಕಡೆ ತುಂಡಾದರೆ ಸಂಚಾರವು 50 ಮಿಲಿಸೆಕೆಂಡುಗಳಲ್ಲಿ ಎದುರು ದಿಕ್ಕಿಗೆ ತಿರುಗುತ್ತದೆ. ಇಂತಹ ಜಾಲಗಳ ಉಪಕರಣಗಳನ್ನು 2000ರಲ್ಲಿ ಸ್ಥಾಪನೆಯಾದ ಬೆಂಗಳೂರಿನದೇ ತೇಜಸ್ ನೆಟ್‌ವರ್ಕ್ಸ್ ತಯಾರಿಸುತ್ತದೆ. ಅದರ ಸಂಸ್ಥಾಪಕರಲ್ಲೊಬ್ಬರಾದ ಕುಮಾರ್ ಶಿವರಾಜನ್ ಹಿಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಆದರೆ ಉಂಗುರದ ಎರಡು ಬಾಹುಗಳೂ ಒಂದೇ ಚರಂಡಿಯ ಪಕ್ಕದ ಒಂದೇ ಕಾಲುವೆಯಲ್ಲಿ ಹುದುಗಿದ್ದರೆ ನಕ್ಷೆಯಲ್ಲಿ ಮಾತ್ರ ಅದು ಉಂಗುರ. ಒಂದೇ ಏಟಿಗೆ ಎರಡೂ ಹೋಗುತ್ತವೆ. ಮೆಟ್ರೊ, ಒಳಚರಂಡಿ, ರಸ್ತೆ ವಿಸ್ತರಣೆಗಳು ನಿಲ್ಲದ ಈ ಪ್ರದೇಶದಲ್ಲಿ ಗ್ರಾಹಕರು ಕೇಳಲೇಬೇಕಾದುದು ವೇಗವನ್ನಲ್ಲ, ಎರಡನೆಯ ದಾರಿ ಯಾವ ಬೀದಿಯಲ್ಲಿ ಹೋಗಿದೆ ಎಂಬುದನ್ನು.

ಕರಾರು

ಶೇ. 99.9 ಲಭ್ಯತೆ ಕೇಳಲು ಚೆನ್ನಾಗಿದೆ. ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 8 ಗಂಟೆ 45 ನಿಮಿಷಗಳ ಸ್ಥಗಿತಕ್ಕೆ ಅದರಲ್ಲಿ ಅವಕಾಶವಿದೆ. ಶೇ. 99.999 ಆದರೆ ಐದು ನಿಮಿಷ ಚಿಲ್ಲರೆ. ಇಂತಹ ಕರಾರು ಸಾಮಾನ್ಯವಾಗಿ ದುಬಾರಿ ಲೀಸ್ಡ್ ಲೈನ್ ಪಡೆದವರಿಗೆ ಮಾತ್ರ ದೊರೆಯುತ್ತದೆ. ಅದು ಮುರಿದಾಗಲೂ ಬಾಡಿಗೆಯಲ್ಲಿ ಕಡಿತ ಸಿಗುತ್ತದೆಯೇ ಹೊರತು ಕೆಟ್ಟ ಕೆಲಸದ ಬೆಲೆಯಲ್ಲ. ಪೀಣ್ಯದ ಸಣ್ಣ ಕಾರ್ಖಾನೆಯಾದರೋ ಹೆಚ್ಚಾಗಿ ಸಾಧಾರಣ ಬ್ರಾಡ್‌ಬ್ಯಾಂಡನ್ನೇ ನಂಬಿರುತ್ತದೆ. ಸರಕಿನ ಇ-ವೇ ಬಿಲ್ ತೆಗೆಯುವುದೂ ಅದರಿಂದಲೇ. ಇಂತಹ ಗ್ರಾಹಕರಿಗಾಗಿ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2006ರಲ್ಲಿ ಕನಿಷ್ಠ ಮಾನದಂಡಗಳನ್ನು ವಿಧಿಸಿತು. ಪ್ಯಾಕೆಟ್ ನಷ್ಟ ಶೇ. 1ಕ್ಕಿಂತ ಕಡಿಮೆ ಇರಬೇಕೆಂಬುದು ಅವುಗಳಲ್ಲೊಂದು.

ಅಗೆಯುವ ಮೊದಲು ಕೇಬಲ್‌ನ ಒಡೆಯರಿಗೆ ಸೂಚನೆ ನೀಡಲು ಕೇಂದ್ರ ಸರ್ಕಾರವು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪನ್ನು 2023ರ ಮಾರ್ಚ್ 22ರಂದು ಬಿಡುಗಡೆ ಮಾಡಿತು.