ಕೊರೆಯುವ ಚಳಿಯಲ್ಲಿ ಪುಟ್ಟ ವಿಮಾನಗಳು

ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯನ್ನು ಊಹಿಸಿಕೊಳ್ಳುವುದೂ ನಮಗೆ ಕಷ್ಟ. ಅಮೆರಿಕದ ಅಲಾಸ್ಕಾದಲ್ಲಿ ರಸ್ತೆಯೇ ಇಲ್ಲದ ಹಳ್ಳಿಗಳು ಹಲವು. ಅಲ್ಲಿಗೆ ಅಂಚೆ, ಔಷಧಗಳನ್ನು ಒಯ್ಯುವುದು ಪುಟ್ಟ ವಿಮಾನಗಳೇ. ಈ ಸೇವೆಗೆ ನಾಂದಿ ಹಾಡಿದವರಲ್ಲಿ ಕಾರ್ಲ್ ಬೆನ್ ಐಲ್ಸನ್ ಪ್ರಮುಖರು. ಫೇರ್‌ಬ್ಯಾಂಕ್ಸ್‌ನಲ್ಲಿ ಶಾಲಾ ಶಿಕ್ಷಕರಾಗಿದ್ದ ಅವರು 1924ರ ಫೆಬ್ರವರಿಯಲ್ಲಿ, ನಾಯಿಬಂಡಿಗೆ ಎರಡು ವಾರಕ್ಕೂ ಮಿಕ್ಕಿ ಹಿಡಿಯುತ್ತಿದ್ದ ಮೆಕ್‌ಗ್ರಾತ್ ದಾರಿಯನ್ನು ಸುಮಾರು ಮೂರು ಗಂಟೆಗಳಲ್ಲಿ ಕ್ರಮಿಸಿ ಅಂಚೆ ತಲುಪಿಸಿದರು.

ಚಳಿಯಲ್ಲಿ ಎಂಜಿನ್ನಿನ ಎಣ್ಣೆ ಗಟ್ಟಿಯಾಗುತ್ತದೆ. ಎಣ್ಣೆ ಹರಿಯದಿದ್ದರೆ ಯಂತ್ರಭಾಗಗಳು ಉಜ್ಜಿ ಸವೆಯುತ್ತವೆ. ಆದ್ದರಿಂದ ಅಂದಿನ ವೈಮಾನಿಕರು ಇಳಿದೊಡನೆ ಬಿಸಿ ಎಣ್ಣೆಯನ್ನು ಡಬ್ಬಕ್ಕೆ ಬಸಿದು ಮನೆಯೊಳಗೆ ಇರಿಸುತ್ತಿದ್ದರು. ಮುಂಜಾನೆ ಅದನ್ನು ಒಲೆಯ ಮೇಲೆ ಕಾಯಿಸಿ, ಎಂಜಿನ್ನಿಗೆ ದಪ್ಪ ಬಟ್ಟೆ ಹೊದಿಸಿ, ಅಡಿಯಲ್ಲಿ ಉರಿಯಿಟ್ಟು ಬೆಚ್ಚಗಾಗಿಸಿ, ಎಣ್ಣೆಯನ್ನು ಮರಳಿ ಸುರಿಯುತ್ತಿದ್ದರು. ಬಟ್ಟೆಗೆ ಕಿಡಿ ತಗುಲಿದರೆ ವಿಮಾನವೇ ಭಸ್ಮ!

ಇಂದು ವಿದ್ಯುತ್ ಕಾವುಪಟ್ಟಿಗಳೂ ಚಳಿಯಲ್ಲಿ ಹರಿಯಬಲ್ಲ ಎಣ್ಣೆಗಳೂ ಬಂದಿವೆ. ಚಳಿಯಿಂದ ಒಂದು ಉಪಕಾರವೂ ಉಂಟು: ದಟ್ಟವಾದ ಗಾಳಿ ರೆಕ್ಕೆಗಳನ್ನು ಚೆನ್ನಾಗಿ ಎತ್ತಿಹಿಡಿಯುತ್ತದೆ. ಆದರೆ ರೆಕ್ಕೆಯ ಮೇಲಣ ತೆಳುಹಿಮವನ್ನು ಒರೆಸದೆ ಹೊರಟರೆ ಆ ಬಲವೇ ಕುಂದುತ್ತದೆ.

ಐಲ್ಸನ್ 1929ರ ನವೆಂಬರಿನಲ್ಲಿ, ಸೈಬೀರಿಯದ ಹಿಮದಲ್ಲಿ ಸಿಲುಕಿದ ಹಡಗಿನ ನೆರವಿಗೆ ಧಾವಿಸುವಾಗ ಬಿರುಗಾಳಿಗೆ ಬಲಿಯಾದರು. ಇಂದಿಗೂ ಅಲಾಸ್ಕಾದ ವಿಮಾನಗಳು ಆಪತ್ಕಾಲದ ಸಾಮಗ್ರಿ ಹೊತ್ತೇ ಹಾರಬೇಕೆಂಬುದು ಅಲ್ಲಿನ ಕಾನೂನು. ಉಪಕರಣಗಳು ಬದಲಾದರೂ ಎಚ್ಚರಿಕೆಯ ಪಾಠ ಬದಲಾಗಿಲ್ಲ.