ನಿಮಗಿದು ಗೊತ್ತೆ? ಹಾಲ್ ಆಫ್ ಫೇಮ್‌ಗೆ ಮತ ಹಾಕುವವರು ಯಾರು?

● ಪುಣೆಯ ಸ್ವಾರಗೇಟ್ ಬಳಿಯ ನೆಹರೂ ಕ್ರೀಡಾಂಗಣದಲ್ಲಿ 1996ರ ಫೆಬ್ರುವರಿ 29ರಂದು ಕೀನ್ಯಾ ತಂಡ ವೆಸ್ಟ್ ಇಂಡೀಸನ್ನು 93 ರನ್ನಿಗೆ ಉರುಳಿಸಿ ವಿಶ್ವಕಪ್ ಪಂದ್ಯ ಗೆದ್ದಿತು. ಅಂದು ಸೋತ ತಂಡದ ಲಾರಾ, ಆಂಬ್ರೋಸ್, ವಾಲ್ಶ್ ಮೂವರೂ ಇಂದು ಐಸಿಸಿ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ.

● ಈ ಗೌರವ ಆರಂಭವಾದದ್ದು 2009ರಲ್ಲಿ. ಈಗಾಗಲೇ ಗೌರವ ಪಡೆದ ಹಿರಿಯ ಆಟಗಾರರು ಮತ್ತು ಐಸಿಸಿ ಅಧಿಕಾರಿಗಳ ಜೊತೆಗೆ ಕ್ರೀಡಾ ಪತ್ರಕರ್ತರೂ ಮತ ಹಾಕುತ್ತಾರೆ.

● ಆಟಗಾರ ಅಂತರರಾಷ್ಟ್ರೀಯ ಕ್ರಿಕೆಟ್ ಬಿಟ್ಟು ಐದು ವರ್ಷ ಕಳೆದಿರಬೇಕು. 2008ರಲ್ಲಿ ನಿವೃತ್ತರಾದ ಅನಿಲ್ ಕುಂಬ್ಳೆ 2015ರಲ್ಲಿ, 2012ರಲ್ಲಿ ನಿವೃತ್ತರಾದ ರಾಹುಲ್ ದ್ರಾವಿಡ್ 2018ರಲ್ಲಿ ಆಯ್ಕೆಯಾದರು.

● ಬೇರೆ ಆಟಗಳಲ್ಲೂ ಇಂಥ ಗೌರವವಿದೆ. ಅಮೆರಿಕನ್ ಫುಟ್ಬಾಲಿನ ಹಾಲ್ ಆಫ್ ಫೇಮ್ ಒಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿದೆ. ಅಲ್ಲಿನ ಆಯ್ಕೆ ಸಮಿತಿಯಲ್ಲಿ ಪತ್ರಕರ್ತರದೇ ಬಹುಮತ. ಗೆಲ್ಲಲು ಶೇ 80 ಮತ ಬೇಕು. ಹಾಗಾಗಿ ಕೆಲವೇ ಮತ ತಪ್ಪಿದರೂ ಬಾಗಿಲು ಮುಚ್ಚುತ್ತದೆ. ಅಭಿಮಾನಿಗಳ ಜಗಳ ಹುಟ್ಟುವುದೂ ಇಲ್ಲೇ.

● ಐಸಿಸಿ ಪಟ್ಟಿಯ ಬಗ್ಗೆ ಕನ್ನಡಿಗರ ತಕರಾರೂ ಇದೆ. ಬಿಷನ್ ಸಿಂಗ್ ಬೇಡಿ 2009ರಲ್ಲೇ ಪಟ್ಟಿ ಸೇರಿದರು. ಅವರ ಜೊತೆ ಆಡಿದ ಕರ್ನಾಟಕದ ಜಿ.ಆರ್. ವಿಶ್ವನಾಥ್ (91 ಟೆಸ್ಟ್, 6,080 ರನ್), ಬಿ.ಎಸ್. ಚಂದ್ರಶೇಖರ್ (242 ವಿಕೆಟ್), ಇ.ಎ.ಎಸ್. ಪ್ರಸನ್ನ (189 ವಿಕೆಟ್) 2025ರ ಆಯ್ಕೆಯವರೆಗೂ ಪಟ್ಟಿಯಲ್ಲಿಲ್ಲ.

● ವಿಶ್ವನಾಥ್ ಹೊಡೆದದ್ದು 14 ಶತಕ. ಆ ಯಾವ ಟೆಸ್ಟನ್ನೂ ಭಾರತ ಸೋತಿಲ್ಲ. ಮತ ಹಾಕುವವರು ರನ್ ಮೊತ್ತದ ಜೊತೆಗೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.