ದೊಡ್ಡ ಕರುಳಿನ ಚಿತ್ರಪರೀಕ್ಷೆ

ನಮ್ಮ ಲಿಂಗಸುಗೂರಿಗೆ ಹಟ್ಟಿಯ ಚಿನ್ನದ ಗಣಿ ದೂರವಲ್ಲ. ನೆಲದೊಳಗೆ ಏನಿದೆಯೆಂದು ಅರಿಯಲು ಮನುಷ್ಯ ಪಡುವ ಪಾಡನ್ನು ಈ ಸೀಮೆಯವರೆಲ್ಲ ಬಲ್ಲರು. ನಮ್ಮ ಹೊಟ್ಟೆಯೊಳಗೂ ಸುಮಾರು ಒಂದೂವರೆ ಮೀಟರ್ ಉದ್ದದ ಸುರಂಗವಿದೆ. ಅದೇ ದೊಡ್ಡ ಕರುಳು. ಅದರ ಯೋಗಕ್ಷೇಮ ವಿಚಾರಿಸುವವರು ಎಷ್ಟು ಮಂದಿ?

ಈ ಕರುಳಿನ ಕ್ಯಾನ್ಸರು ಬಹುಮಟ್ಟಿಗೆ ಒಳಗೋಡೆಯ ಸಣ್ಣ ಗಂಟೊಂದರಿಂದ ಮೊದಲಾಗುತ್ತದೆ. ಎಲ್ಲ ಗಂಟುಗಳೂ ಕೆಡುವುದಿಲ್ಲ. ಕೆಡುವುದಕ್ಕೂ ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ಹಿಡಿಯುತ್ತದೆ. ಅಷ್ಟು ಕಾಲವೂ ನೋವಿಲ್ಲದೆ ಇರಬಹುದು. ಆಗಲೇ ಕಂಡು ತೆಗೆದುಹಾಕಿದರೆ ಅದು ರೋಗವಾಗಿ ಬೆಳೆಯದು. ಆರೋಗ್ಯವಾಗಿದ್ದಾಗಲೇ ಪರೀಕ್ಷೆ ಏಕೆ ಎಂಬುದಕ್ಕೆ ಇದೇ ಉತ್ತರ.

ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದಿಂದ ತೂರಿಸಿ ನೋಡುವ ಕೊಲೊನೋಸ್ಕೋಪಿ ಗಣಿಗೆ ಇಳಿದು ನೋಡಿದಂತೆ. ಹೊರಗಿನಿಂದಲೇ ಒಳಗಿನ ನಕ್ಷೆ ತೆಗೆಯುವುದು ಇನ್ನೊಂದು ದಾರಿ. ಸಿ.ಟಿ. ಯಂತ್ರದಿಂದ ಇದು ಸಾಧ್ಯವೆಂದು 1994ರಲ್ಲಿ ಅಮೆರಿಕದ ವೈದ್ಯ ಡೇವಿಡ್ ವೈನಿಂಗ್ ತೋರಿಸಿಕೊಟ್ಟರು. ಹಿಂದಿನ ದಿನ ಭೇದಿಯ ಔಷಧದಿಂದ ಕರುಳನ್ನು ಶುದ್ಧಿಮಾಡುತ್ತಾರೆ. ಮರುದಿನ ತೆಳುವಾದ ನಳಿಕೆಯಿಂದ ಗಾಳಿ ತುಂಬಿ ಕರುಳನ್ನು ಹಿಗ್ಗಿಸಿ, ಅಂಗಾತ ಒಮ್ಮೆ, ಬೋರಲು ಒಮ್ಮೆ ಮಲಗಿಸಿ ಕ್ಷ-ಕಿರಣದ ಚಿತ್ರ ತೆಗೆಯುತ್ತಾರೆ. ಸುಮಾರು ಕಾಲು ಗಂಟೆಯ ಕೆಲಸ. ಮಂಪರಿನ ಮದ್ದು ಸಾಮಾನ್ಯವಾಗಿ ಬೇಕಿಲ್ಲ. ವೃದ್ಧರಿಗೆ ಇದೊಂದು ಅನುಕೂಲವಲ್ಲವೆ?

ಮಿತಿಗಳೂ ಉಂಟು. ಒಂದು ಸೆಂಟಿಮೀಟರಿಗೆ ಮೇಲ್ಪಟ್ಟ ಗಂಟುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಕಾಣುತ್ತವೆ, ಸಣ್ಣವು ಕಣ್ತಪ್ಪಬಹುದು. ಚಿತ್ರವು ಗಂಟನ್ನು ತೋರಿಸೀತೇ ಹೊರತು ಕೀಳಲಾರದು. ಕಂಡುಬಂದರೆ ಕೊಲೊನೋಸ್ಕೋಪಿ ಆಗಲೇಬೇಕು. ಅಮೆರಿಕದಲ್ಲಿ 45ರಿಂದ 75ರ ವಯಸ್ಸಿನವರಿಗೆ ಕರುಳಿನ ತಪಾಸಣೆಯ ಸಲಹೆಯಿದೆ. ಈ ಚಿತ್ರಪರೀಕ್ಷೆಯಾದರೆ ಐದು ವರ್ಷಕ್ಕೊಮ್ಮೆ. 75 ದಾಟಿದವರು ತಮ್ಮ ದೇಹಸ್ಥಿತಿ ನೋಡಿ ವೈದ್ಯರೊಡನೆ ನಿರ್ಧರಿಸಬೇಕು. ನಮ್ಮ ಸರ್ಕಾರದ ಸಾಮೂಹಿಕ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳು ಸೇರಿವೆ, ಕರುಳಿನದು ಸೇರಿಲ್ಲ. ಆದುದರಿಂದ ನಾವೇ ವಿಚಾರಿಸಬೇಕು.

ಇನ್ನೊಂದು ಮಾತು. ನನ್ನೊಡನೆ ಪಾಠ ಹೇಳುತ್ತಿದ್ದ ಹಿರಿಯರೊಬ್ಬರು ಮಲದಲ್ಲಿ ರಕ್ತ ಕಂಡೂ ಮೂಲವ್ಯಾಧಿಯೆಂದು ಬಗೆದು, ನಾಚಿಕೆಯಿಂದ ಎರಡು ವರ್ಷ ಮನೆಯವರಿಗೂ ಹೇಳಲಿಲ್ಲ. ಹೇಳಿದಾಗ ಕಾಲ ಮಿಂಚಿತ್ತು. ರಕ್ತ ಕಂಡವರು, ಮಲವಿಸರ್ಜನೆಯ ರೂಢಿ ತಪ್ಪಿದವರು, ಕಾರಣವಿಲ್ಲದೆ ತೂಕ ಇಳಿದವರು ಚಿತ್ರಪರೀಕ್ಷೆಗಾಗಿ ಕಾಯದೆ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಬೇಕು. ಅವರು ಹೇಳಿದರೆ ಮುಂದಕ್ಕೆ ರಾಯಚೂರಿದೆ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಶಾಖೆಯಿದೆ.

ಇಂದು ರಾತ್ರಿ ಊಟವಾದ ಮೇಲೆ ನಿಮ್ಮ ಮನೆಯ ಹಿರಿಯರನ್ನು ಮೆಲ್ಲಗೆ ಕೇಳಿ ನೋಡಿ. ಅವರಾಗಿ ಹೇಳಲಾರರು.